ವಾಲ್ ತಿರುಗಿಸುವ ಭೀಮೇಶ್ ಕಟ್ಟಿದ ಬಾಯಾರುಸೀಮೆ

ಜಗಳೂರಿನಿಂದ ಸೊಕ್ಕೆ ಕಡೆಗೆ ಹೋಗುವ ದಾರಿಯ ಈ ಹಳ್ಳಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಓವರ್‌ಹೆಡ್ ಟ್ಯಾಂಕಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತ ಭೀಮೇಶ್ ಕಬ್ಬಿಣದ ಮುಚ್ಚಳ ಸರಿಸಿ, ಉದ್ದನೆಯ ಕೀಲಿ ಇಳಿಸಿ, ಎರಡೂ ಕೈಯಿಂದ ವಾಲ್ ತಿರುಗಿಸುತ್ತಿದ್ದಾರೆ. ಪೈಪಿನೊಳಗೆ ಮೊದಲು ಗಾಳಿ ಗೊರಗೊರ ಎನ್ನುತ್ತದೆ, ಆಮೇಲೆ ನೀರು ಓಡುವ ಸದ್ದು ಕೇಳುತ್ತದೆ. ಅಷ್ಟರಲ್ಲಿ ಎದುರು ಮನೆಯ ಬಾಗಿಲಿನಿಂದ ಒಂದು ದನಿ: "ಭೀಮಣ್ಣ, ನಮ್ಮ ಕಡೆ ನೀರು ಯಾವಾಗ ಬಿಡ್ತೀಯ?" ತಲೆ ಎತ್ತದೆಯೇ ಉತ್ತರ ಹೋಗುತ್ತದೆ: "ಬರ್ತೈತೆ ತಡಿಯವ್ವ, ಈಗ್ತಾನೆ ಕರೆಂಟ್ ಬಂದೈತೆ."

ಕರೆಂಟ್ ಬಂದು ಎಷ್ಟೋ ಹೊತ್ತಾಗಿದೆ. ಆದರೂ ಈ ಪ್ರಶ್ನೆಗೆ ಈ ಉತ್ತರವೇ ಸರಿ ಎಂಬುದು ಕೇಳಿದವರಿಗೂ ಗೊತ್ತು, ಹೇಳಿದವರಿಗೂ ಗೊತ್ತು. ಪಂಚಾಯಿತಿಯ ನೀರುಗಂಟಿ ಭೀಮೇಶ್ ನಲವತ್ತು ದಾಟಿದವರು. ಎರಡು ಬೋರು, ಒಂದು ಟ್ಯಾಂಕು, ಊರಿನ ಅಡಿಯಲ್ಲಿ ಅಡ್ಡಾದಿಡ್ಡಿ ಓಡುವ ಪೈಪುಗಳು ಅವರ ಆಸ್ತಿ. ಮೇಲಿನ ಕೇರಿಗೆ ಒಂದು ದಿನ, ಕೆಳಗಿನ ಕೇರಿಗೆ ಒಂದು ದಿನ ನೀರು. "ನೀರು ಬಂದ್ರೆ ಬೋರಿನ ಪುಣ್ಯ, ಬರ್ಲಿಲ್ಲ ಅಂದ್ರೆ ಭೀಮೇಶನ ಪಾಪ" ಎಂದು ಅವರೇ ನಗುತ್ತಾರೆ. ಅಂದಹಾಗೆ, ಊರಿನ ಹೆಸರು ಹಾಕಬೇಡಿ ಎಂದು ಊರಿನವರೇ ಕೇಳಿಕೊಂಡಿದ್ದಾರೆ. ಕಾರಣ ಮುಂದೆ ತಿಳಿಯುತ್ತದೆ, ತಿಳಿದ ಮೇಲೆ ಅವರ ಸಂಕೋಚ ಯಾರಿಗಾದರೂ ಅರ್ಥವಾಗುತ್ತದೆ.

ನೀರು ಬಿಡುವ ಭೀಮೇಶ್ ಅವರನ್ನು ಊರೆಲ್ಲ ಬಲ್ಲದು. ನಾಡು ಕಟ್ಟುವ ಭೀಮೇಶ್ ಅವರನ್ನು ನೋಡಬೇಕೆಂದರೆ ಪಂಪ್‌ಹೌಸಿನ ಒಳಗೆ ಹೋಗಬೇಕು. ಸುಣ್ಣ ಬಳಿದ ಗೋಡೆಯ ತುಂಬ ಇದ್ದಿಲಿನಲ್ಲಿ ಬರೆದ ಒಂದು ದೇಶವಿದೆ: ಗುಡ್ಡ, ಕಣಿವೆ, ಕೋಟೆ, ಎಲ್ಲಿಗೂ ಹೋಗದ ದಾರಿಗಳು. ಅದರ ಹೆಸರು ಬಾಯಾರುಸೀಮೆ. ಗುಟುಕಾಸುರನೆಂಬ ರಾಕ್ಷಸ ಅಲ್ಲಿನ ನದಿಯನ್ನೆಲ್ಲ ಒಂದೇ ಗುಟುಕಿಗೆ ಕುಡಿದು ಮಲಗಿಬಿಟ್ಟಿದ್ದಾನೆ. ಅವನ ಹೊಟ್ಟೆಯೇ ಗುಡ್ಡ, ಗೊರಕೆಯೇ ಗಾಳಿ. ನೆರಳಿಲ್ಲದ ಆ ನಾಡಿನಲ್ಲಿ ವರ್ತಕರು ನೆರಳನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ಬಾವಿಯ ಕಟ್ಟೆಯ ಮೇಲೆ ಕೂತು ಯಾರಾದರೂ ಸುಳ್ಳು ಹೇಳಿದರೆ ಸೇದುವ ಹಗ್ಗ ಹಾವಾಗುತ್ತದೆ. ಬಿಕ್ಕಳಿಕೆ ಹಕ್ಕಿಯೊಂದಿದೆ, ಅದು ಬಿಕ್ಕಳಿಸಿದ ಕಡೆ ನೆಲದಡಿ ನೀರಿದೆ ಎಂದು ಅರ್ಥ. ಕೆಲವೊಮ್ಮೆ ಅದಕ್ಕೆ ನಿಜವಾಗಿಯೂ ಬಿಕ್ಕಳಿಕೆ ಬಂದಿರುತ್ತದೆ, ಅದೇ ತಮಾಷೆ.

ಇದು ಆಡುವುದಕ್ಕಾಗಿ ಕಟ್ಟಿದ ನಾಡು. ಒಬ್ಬರು ಕಥೆ ಹೇಳುತ್ತಾರೆ, ಉಳಿದವರು ಸುತ್ತ ಕೂತು ಆ ಕಥೆಯೊಳಗೆ ಒಂದೊಂದು ಪಾತ್ರವಾಗಿ ಇಳಿಯುತ್ತಾರೆ. ಗುಹೆಯ ಬಾಯಲ್ಲಿ ನಿಂತಿದ್ದೀಯ, ಏನು ಮಾಡ್ತೀಯ ಎಂದು ಕೇಳಿದರೆ ಆಡುವವರು ಹೇಳಬೇಕು. ಅವರ ಸಾಹಸ ಕೈಗೂಡಿತೋ ಮುಗ್ಗರಿಸಿತೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಹೊನ್ನಾಳಿಯಲ್ಲಿ ನರ್ಸ್ ಆಗಿರುವ ತಂಗಿ ಸಂಘಮಿತ್ರಾ ನರ್ಸಿಂಗ್ ಹಾಸ್ಟೆಲಿನಲ್ಲಿ ಕಲಿತ ಈ ಆಟವನ್ನು ಒಂದು ರಜೆಯಲ್ಲಿ ಅಣ್ಣನಿಗೆ ಕಲಿಸಿದರು. "ಅವಳ ಕಥೆಯಾಗೆ ಬರೀ ಹಿಮ, ಕೋಟೆ, ಬಿಳೀ ಕುದುರೆ. ಫ್ರಿಜ್ಜಿನಾಗೆ ಬಿಟ್ರೆ ನಾನು ಹಿಮ ಎಲ್ಲಿ ನೋಡಿದೀನಿ ಹೇಳ್ರಿ? ನಂಗೆ ಗೊತ್ತಿರೋದು ನೀರು ಒಂದೇ, ಅದೂ ಇಲ್ಲದಿರೋ ನೀರು" ಎನ್ನುತ್ತಾರೆ ಭೀಮೇಶ್.

ಟ್ಯಾಂಕ್ ತುಂಬುವವರೆಗೆ ನೀರುಗಂಟಿಗೆ ಕಾಯುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಆ ಕಾಯುವಿಕೆಯಲ್ಲೇ ಬಾಯಾರುಸೀಮೆ ಮೊಳಕೆಯೊಡೆಯಿತು. ಭಾನುವಾರ ಮಧ್ಯಾಹ್ನ ಟ್ಯಾಂಕಿನ ನೆರಳಲ್ಲಿ ಮೇಲಿನ ಕೇರಿಯ ನಾಲ್ಕಾರು ಜನ ಸೇರತೊಡಗಿದರು. ದಾಳದ ಬದಲು ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜಗಳು ಬಂದವು. ಸಂಘಮಿತ್ರಾ ಗೋಡೆಯ ಫೋಟೊ ತೆಗೆದುಕೊಂಡು ಹೊನ್ನಾಳಿಗೆ ಹೋದರು, ಅಲ್ಲೊಂದು ಗುಂಪಾಯಿತು. ಅಲ್ಲಿಂದ ಫೋಟೊ ನ್ಯಾಮತಿಯ ಟೈಲರ್ ಪ್ರಮೀಳಾ ಅವರ ಅಂಗಡಿಗೆ ಹಾರಿತು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಆಡುವ ಪ್ರಮೀಳಾ ಇಡೀ ನಾಡನ್ನು ಕೋರಾ ಬಟ್ಟೆಯ ಮೇಲೆ ಹೊಲಿದೇಬಿಟ್ಟರು. ಚನ್ನಗಿರಿಯ ಅಡಿಕೆ ವ್ಯಾಪಾರಿ ಗುರುಬಸವರಾಜ್ ಆಟದಲ್ಲೂ ವ್ಯಾಪಾರ ಬಿಡಲಿಲ್ಲ, ನೆರಳನ್ನು ಸಗಟಿಗೆ ಖರೀದಿಸಿ ಬೇಸಿಗೆವರೆಗೆ ಗೋದಾಮಿನಲ್ಲಿಟ್ಟು ಕೂತರು. ಹೊಳೆ ದಂಡೆಯ ಹೊನ್ನಾಳಿಯವರಿಗೆ ದಾಟಲು ಹೊಳೆಯೇ ಇಲ್ಲವಲ್ಲ ಎಂಬ ಗೊಣಗಾಟ. ಅವರಿಗೆಂದೇ ಭೀಮೇಶ್ ಮರಳಿನ ಮೇಲೆ ಓಡುವ ದೋಣಿಯೊಂದನ್ನು ಮಾಡಿಕೊಟ್ಟರು.

ಹೀಗೆ ಮೂರು ತಾಲ್ಲೂಕಿನವರೂ ಸೇರಿ, ನಾಡು ಕಟ್ಟಿದವರ ಊರಿಗೇ ಬಂದು ಒಂದು ದೊಡ್ಡ ಆಟ ಆಡೋಣವೆಂದು ಭಾನುವಾರವೊಂದನ್ನು ಗೊತ್ತು ಮಾಡಿದರು. ಭೀಮೇಶ್ ಹಿಗ್ಗಿ ಹೋದರು. "ನನ್ನ ಹುಡಿಕ್ಕಂಡು ಜನ ಬರೋದು ಕಂಪ್ಲೇಂಟ್ ಹೇಳಾಕೆ. ಸುಮ್ಮನೆ ನನ್ನ ನೋಡಾಕೆ ಅಂತ ಬರೋರು ಇವ್ರೇ ಮೊದಲು" ಎನ್ನುವಾಗ ಅವರ ಮುಖ ನೋಡಬೇಕು.

ಅಷ್ಟರಲ್ಲಿ ಆ ಎಡವಟ್ಟು ನಡೆದುಹೋಯಿತು. ಗುಟುಕಾಸುರನ ಹೊಕ್ಕುಳ ಒತ್ತಿದರೆ ಕುಡಿದ ನದಿಯೆಲ್ಲ ಹೊರಗೆ ಬರುತ್ತದೆ. ಹೊಕ್ಕುಳ ಎಲ್ಲಿದೆ ಎಂಬುದೇ ಆಟದ ಗುಟ್ಟು. ಮೇಲಿನ ಕೇರಿಯವರು ವಾರಗಟ್ಟಲೆ ಹುಡುಕಿ, ಕಡೆಗೆ ಪತ್ತೆ ಹಚ್ಚಿದರು: ತಿರುಗದ ಬೀಸುಕಲ್ಲಿನ ಪಕ್ಕ, ಚಪ್ಪಡಿಯ ಕೆಳಗೆ. ಕೇಕೆ ಹಾಕಿ ಮನೆಗೆ ಹೋದರು. ಮಾರನೆ ದಿನ ಅವರಲ್ಲೊಬ್ಬರು ಮೇಕೆ ಕಟ್ಟಲು ಹಾಳುಬಿದ್ದ ಹಿಟ್ಟಿನ ಗಿರಣಿಯ ಹಿಂದೆ ಹೋದರೆ, ಮುರಿದ ಬೀಸುಕಲ್ಲಿನ ಪಕ್ಕ ಒಂದು ಚಪ್ಪಡಿ ಕಾಣಬೇಕೆ? ಎತ್ತಿ ನೋಡಿದರೆ ಕೆಳಗೆ ವಾಲ್. ಎರಡೂ ಕೇರಿಗೆ ನೀರು ಹಂಚುವ ವಾಲ್ ಅದು. ಯಾರೂ ಕೈ ಹಾಕದಿರಲೆಂದು ಭೀಮೇಶ್ ಅವರೇ ಮುಚ್ಚಿಟ್ಟಿದ್ದರು. ದಿನದ ಕೆಲಸ ಟ್ಯಾಂಕಿನ ಬುಡದಲ್ಲೇ ಮುಗಿಯುವುದರಿಂದ ಅವರೂ ಇತ್ತ ಬರುವುದು ಅಪರೂಪ. ಕೈ ಹಾಕಿದವರು ತಿರುಗಿಸಿಯೇ ನೋಡಿದರು.

ಮೇಲಿನ ಕೇರಿಯಲ್ಲಿ ದಿನವೂ ನೀರು. ಬಟ್ಟೆ ಒಗೆದದ್ದೇ ಒಗೆದದ್ದು. ಕೆಳಗಿನ ಕೇರಿಯಲ್ಲಿ ನಲ್ಲಿ ಉಸ್ ಎನ್ನಲಿಲ್ಲ. ಭೀಮೇಶ್ ಅವರ ಮನೆ ಇರುವುದೂ ಅಲ್ಲೇ, ಅವರ ಕೊಡವೂ ಖಾಲಿ. ಪೈಪ್ ಒಡೆದಿರಬೇಕೆಂದು ಪಾಪ, ರಸ್ತೆಯನ್ನು ಎರಡು ಕಡೆ ಅಗೆದರು. ಕಡೆಗೆ ಗಿರಣಿಯ ಹಿಂದೆ ಹೋದಾಗ ಚಪ್ಪಡಿ ಓರೆಯಾಗಿತ್ತು, ಸುತ್ತ ಮೇಕೆಯ ಹಿಕ್ಕೆ ಬಿದ್ದಿತ್ತು. "ನೋಡಿದ ಕೂಡ್ಲೆ ಗೊತ್ತಾತು. ನಾಡು ಕಟ್ಟೀನಿ ಅನ್ಕಂಡು ನಮ್ಮೂರ ಪೈಪ್‌ಲೈನೇ ಬರೆದುಬಿಟ್ಟೀನಿ. ತಲೆಯಾಗೆ ಬೇರೆ ನಕ್ಷೆ ಇದ್ರೆ ತಾನೆ?" ಎಂದು ಹಣೆ ಚಚ್ಚಿಕೊಂಡು ನಗುತ್ತಾರೆ. ಅವತ್ತು ನಗು ಬಂದಿರಲಿಲ್ಲ. ಕೆಳಗಿನ ಕೇರಿಯ ಮೂಕಮ್ಮ ಖಾಲಿ ಕೊಡವನ್ನು ಪಂಚಾಯಿತಿಯ ಮೇಜಿನ ಮೇಲೆ ತಂದಿಟ್ಟರು. ಹೆಸರಷ್ಟೇ ಮೂಕಮ್ಮ, ಅವರು ಬಾಯಿ ತೆಗೆದರೆ ಮಿಕ್ಕವರು ಮೂಕರಾಗಬೇಕು. ಹಿರಿಯರು ತೀರ್ಮಾನ ಕೊಟ್ಟರು: ಕೆಳಗಿನ ಕೇರಿ ಒಪ್ಪುವವರೆಗೆ ಆಟ ಬಂದ್. ಕೆಳಗಿನ ಕೇರಿ ಎಂದರೆ ಮೂಕಮ್ಮ ಎಂದೇ ಲೆಕ್ಕ. ಮೂರು ತಾಲ್ಲೂಕಿನವರು ಬರುವ ಭಾನುವಾರ ಹತ್ತಿರದಲ್ಲೇ ಇತ್ತು.

ಭೀಮೇಶ್ ಹುಡುಕಿಕೊಂಡು ಹೋದಾಗ ಮೂಕಮ್ಮ ತಮ್ಮ ಮನೆಯ ಜಗಲಿಯ ಮೇಲೆ ಮೆಕ್ಕೆಜೋಳ ಬಿಡಿಸುತ್ತಿದ್ದರು. ಸಂಬಂಧದಲ್ಲಿ ಅವರು ಭೀಮೇಶ್‌ಗೆ ಚಿಕ್ಕಮ್ಮನಾಗಬೇಕು.

"ಚಿಕ್ಕವ್ವ, ಹೊಕ್ಕುಳ ಬೇರೆ ಕಡೆ ಇಡ್ತೀನಿ. ಆಟಕ್ಕೆ ಹೂಂ ಅನ್ನು."

"ಹೊಕ್ಕುಳ ಎಲ್ಲಾದ್ರೂ ಇಟ್ಕ. ನಿನ್ನ ನಾಡಿನಾಗೆ ನಮ್ಮ ಕೇರಿ ಎಲ್ಲೈತೆ, ಅದು ಹೇಳು ಮೊದಲು."

ಪಂಪ್‌ಹೌಸಿಗೆ ಹೋಗಿ ಗೋಡೆಯನ್ನು ಮೂಕಮ್ಮ ಆಗಲೇ ನೋಡಿಕೊಂಡು ಬಂದಿದ್ದರು. "ಮೇಲಿನ ಕೇರಿ ಅರಮನೆ ಆಗೈತೆ. ಗಿರಣಿ ಹೊಕ್ಕುಳ ಆಗೈತೆ. ಮುರುಕು ಬಸ್‌ಸ್ಟ್ಯಾಂಡಿಗೂ ಗೋಪುರ ಏರಿಸಿದೀಯ. ನೀನು ಹುಟ್ಟಿದ ಕೇರಿ ಇರಬೇಕಾದ ಕಡೆ ಬೂದಿಹಳ್ಳ, ಯಾರೂ ಇಲ್ಲ ಅಂತ ಬರೆದೀಯಲ್ಲೋ. ನಾವು ಯಾರೂ ಅಲ್ಲೇನೋ?"

ಆ ಮಾತನ್ನು ಭೀಮೇಶ್ ಈಗಲೂ ಮರೆತಿಲ್ಲ. "ಬೇಕಂತ ಬಿಟ್ಟಿದ್ದಲ್ಲ. ಕಥೆ ಅನ್ನೋದು ಬೇರೆಯವರ ಬೀದಿಯಾಗೆ ನಡೀತೈತೆ ಅನ್ಕಂಡಿದ್ದೆ. ನಮ್ಮ ಕೇರಿಗೆ ಯಾವ ವೀರ ಬರ್ತಾನೆ, ಯಾಕೆ ಬರ್ತಾನೆ ಅಂತ. ನೀರು ಇಲ್ಲದ್ದಕ್ಕಿಂತ ಇದು ಜಾಸ್ತಿ ಚುಚ್ಚಿತು."

ಅವತ್ತು ಸಂಜೆಯೇ ಅವರು ಚಿಕ್ಕಮ್ಮನನ್ನು ಪಂಪ್‌ಹೌಸಿಗೆ ಕರೆತಂದು ಇದ್ದಿಲು ಕೈಗಿಟ್ಟರು. ಮೂಕಮ್ಮ ತಾವು ಬರೆಯಲಿಲ್ಲ, ಹೇಳಿ ಬರೆಸಿದರು. ಬೂದಿಹಳ್ಳ ಅಳಿಸಿತು, ಅಲ್ಲಿ ಕಿವಿಗೊಟ್ಟವರ ಕೇರಿ ಎದ್ದಿತು. ಆ ಕೇರಿಯ ಹೆಂಗಸರು ಖಾಲಿ ಕೊಡದ ಬಾಯಿಗೆ ಕಿವಿಯಿಟ್ಟರೆ ರಾಕ್ಷಸನ ಹೊಟ್ಟೆಯ ಗುಡುಗುಡು ಕೇಳುತ್ತದೆ. ಅವನು ನಿದ್ದೆಯಲ್ಲಿದ್ದಾನೋ ಎಚ್ಚರಾಗಿದ್ದಾನೋ ಅವರಿಗೆ ಮಾತ್ರ ತಿಳಿಯುತ್ತದೆ. ಅವರು ಹೂಂ ಅನ್ನದೆ ಹೊಕ್ಕುಳಕ್ಕೆ ಕೈ ಹಾಕಿದವರನ್ನು ಗುಟುಕಾಸುರ ನುಂಗಿ ನೀರು ಕುಡಿಯುತ್ತಾನೆ. ಗಿರಣಿ ಹಿಂದಿನ ಚಪ್ಪಡಿಯನ್ನೂ ಈಗ ಮುಚ್ಚಿಟ್ಟಿಲ್ಲ, ಅದಕ್ಕೆ ಸುಣ್ಣ ಬಳಿದಿದ್ದಾರೆ. ಎರಡೂ ಕೇರಿಗೂ ಜಾಗ ಗೊತ್ತಿರುವುದರಿಂದ ಈಗ ಯಾರೂ ಮುಟ್ಟುವುದಿಲ್ಲ.

ಗೊತ್ತಾದ ಭಾನುವಾರ ಬಂದೇ ಬಂತು. ಜಗಳೂರಿನ ಬಸ್ಸಿನಿಂದ ಸಂಘಮಿತ್ರಾ ಅವರ ಗುಂಪು ಇಳಿಯಿತು. ಪ್ರಮೀಳಾ ಕೋರಾ ಬಟ್ಟೆಯ ನಾಡಿಗೆ ಹೊಸ ತುಂಡೊಂದನ್ನು ಜೋಡಿಸಿ, ನೀಲಿ ದಾರದಲ್ಲಿ ಕಿವಿಗೊಟ್ಟವರ ಕೇರಿಯನ್ನು ಹೊಲಿದು ತಂದಿದ್ದರು. ಗುರುಬಸವರಾಜ್ ಒಂದು ಚೀಲ ಮಂಡಕ್ಕಿ ಹೊತ್ತು ತಂದರು. ಟ್ಯಾಂಕಿನ ನೆರಳು ಎಲ್ಲರಿಗೂ ಸಾಲದೆ ಹೋದಾಗ, "ಗೋದಾಮಿನಾಗೆ ನಂದು ಸ್ವಲ್ಪ ನೆರಳು ಐತೆ, ರೇಟ್ ಮಾತಾಡಾಣ" ಎಂದರು. ಎರಡೂ ಕೇರಿಯವರು ಒಂದೇ ಜಮಖಾನದ ಮೇಲೆ ಕೂತು ಹೊಕ್ಕುಳದವರೆಗೂ ಹೋದರು. ಹುಣಸೆ ಬೀಜ ಹಾಕಿದ್ದು ಮೂಕಮ್ಮ. ಎಲ್ಲವೂ ಬಿಳಿ ಮೇಲಾಗಿ ಬಿದ್ದವು, ನದಿ ಹೊರಬಂತು. ಆ ಗದ್ದಲಕ್ಕೆ ಟ್ಯಾಂಕಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಚಹಾ ಕುಡಿಯುವಾಗ ಯಾರೋ ಕೇಳುತ್ತಾರೆ, ಭೀಮಣ್ಣ ನಿಮಗಿನ್ನೇನು ಆಸೆ ಎಂದು. ಅವರು ಲೋಟ ಕೆಳಗಿಡುತ್ತಾರೆ. "ನಂಗೂ ಒಂದ್ಸಲ ಆಡಬೇಕು ಅಂತ ಐತೆ. ಬೆಳಗ್ಗೆ ನೀರು ಬಿಡೋದು ನಾನೇ, ಇಲ್ಲಿ ಕಥೆ ಬಿಡೋದೂ ನಾನೇ. ಬಾಗಿಲು ತೆಗೆದುಕೊಡೋನು ಯಾವಾಗ್ಲೂ ಹೊರಗೇ ನಿಂತಿರ್ತಾನೆ. ನನ್ನ ನಾಡಿನಾಗೆ ನಾನು ಒಂದಿನಾನೂ ನಡೆದಿಲ್ಲ."

ಯಾರೂ ಏನೂ ಹೇಳುವ ಮೊದಲೇ ಮೂಕಮ್ಮ ಎದ್ದು, ಕಥೆ ಹೇಳುವವರು ಕೂರುವ ಕಲ್ಲಿನ ಮೇಲೆ ಹೋಗಿ ಸೆರಗು ಸರಿ ಮಾಡಿಕೊಂಡು ಕೂರುತ್ತಾರೆ. "ಬಾ, ಈ ಕಡೆ ಕೂತ್ಕ. ನೀನು ದಾರಿ ತಪ್ಪಿದ ಬಡಪಾಯಿ. ಬಾಯಾರಿ ನಮ್ಮ ಕೇರಿಗೆ ಬಂದೀಯ. ಹೆಬ್ಬಾಗಿಲು ಮುಚ್ಚೈತೆ, ಮೇಲೆ ನಾನು ನಿಂತೀನಿ. ಏನು ಮಾಡ್ತೀಯ?"

ಭೀಮೇಶ್ ಚಕ್ಕಳಮಕ್ಕಳ ಹಾಕಿ ಜಮಖಾನದ ಮೇಲೆ ಕೂರುತ್ತಾರೆ. ತುಟಿಯಂಚಿನ ನಗು ತಡೆಯಲಾಗದೆ, ಎಷ್ಟೋ ವರ್ಷ ದಿನಾ ಬೆಳಗ್ಗೆ ತಾವು ಕೇಳಿಸಿಕೊಂಡ ಪ್ರಶ್ನೆಯನ್ನೇ ಕೇಳುತ್ತಾರೆ: "ಚಿಕ್ಕವ್ವ, ನಮ್ಮ ಕಡೆ ನೀರು ಯಾವಾಗ ಬಿಡ್ತೀಯ?"

ಮೂಕಮ್ಮ ಕೆಳಗೆ ನೋಡುವುದೂ ಇಲ್ಲ.

"ಬರ್ತೈತೆ ತಡಿಯಪ್ಪ, ಈಗ್ತಾನೆ ಕರೆಂಟ್ ಬಂದೈತೆ."