ಹಗ್ಗ ಹಿಡಿದವಳ ಉಸಿರು

ದ್ವೀಪಕ್ಕೆ ರಜೆಗೆ ಹೋಗಿ ನೀರಿನಡಿ ಮುಳುಗಿ ಬರುವ ಉಮೇದಿನವರು ಈಗ ಯಾರೂ ನನ್ನಂಥ ಮುದುಕಿಯ ಸಲಹೆ ಕೇಳುವುದಿಲ್ಲ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುತ್ತಾರಂತೆ, ಕಣ್ಣಿಗೆ ಗಾಜು, ಕಾಲಿಗೆ ರಬ್ಬರಿನ ರೆಕ್ಕೆ. ಇರಲಿ. ಕೇಳದಿದ್ದರೂ ನಾನು ಹೇಳುವವಳೇ. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಮದುವೆಯಾದ ಮೊದಲ ವರ್ಷವೇ ಕಂಡವಳು ನಾನು.

ಅದು ಐವತ್ತರ ದಶಕದ ಕೊನೆ. ಅಪ್ಪ ಕಾರ್ಕಳದ ಪೇಟೆಯಲ್ಲಿ ಒಣಮೀನು ಮಾರುತ್ತಿದ್ದರು. ಮೀನಿನ ವಾಸನೆ ನನಗೆ ಹುಟ್ಟಿದಂದಿನಿಂದ ಗೊತ್ತು, ಕಡಲು ಮಾತ್ರ ಗೊತ್ತಿರಲಿಲ್ಲ. ಊರಿನ ಆನೆಕೆರೆಯಲ್ಲಿ ಮೊಣಕಾಲು ಮುಳುಗಿದರೆ ಅಮ್ಮನನ್ನು ಕೂಗುತ್ತಿದ್ದೆ. ಅಂಥವಳನ್ನು ಕಾಪುವಿನ ಕಡಲ ಬದಿಯ ಮನೆಗೆ ಕೊಟ್ಟರು. ಇವರು, ಅಂದರೆ ನನ್ನ ಗಂಡ, ದೋಣಿಯಲ್ಲಿ ಹೋಗಿ ಬಲೆ ಹಾಕುವವರು. ಕಡಲು ತಣ್ಣಗಿದ್ದ ತಿಂಗಳುಗಳಲ್ಲಿ ನೀರಿಗೆ ಮುಳುಗಿ, ಬಂಡೆಗೆ ಕಚ್ಚಿ ಬೆಳೆಯುವ ಪಚ್ಚಿಲೆ ಚಿಪ್ಪುಗಳನ್ನು ಕಿತ್ತು ತರುವುದೂ ಇತ್ತು. ಆಗ ಇವರ ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿ ಕುಳಿತ ಅತ್ತೆಯ ಕೈಯಲ್ಲಿರುತ್ತಿತ್ತು.

ಹೊಸ ಹೆಂಡತಿಗೆ ಮಲ್ಪೆಯಾಚೆಯ ದ್ವೀಪ ತೋರಿಸಬೇಕೆಂದು ಇವರಿಗೆ ಹುಕಿ ಬಂತು. ಹೋದ ಮೇಲೆ ಮುಳುಗದೆ ಬರುವ ಗಂಡಸಲ್ಲ. ಅತ್ತೆಗೆ ಆ ದಿನಗಳಲ್ಲಿ ಮಂಡಿನೋವು, ದೋಣಿ ಹತ್ತಲಾರರು. "ಈ ಸಲ ಹಗ್ಗ ಅವಳೇ ಹಿಡಿಯಲಿ," ಎಂದು ಇವರು ಹೇಳಿಯೇ ಬಿಟ್ಟರು. ನನ್ನ ಜೀವ ಬಾಯಿಗೆ ಬಂತು.

ಹಿಂದಿನ ದಿನ ಜಗಲಿಯಲ್ಲಿ ಕೂರಿಸಿಕೊಂಡು ಅತ್ತೆ ಪಾಠ ಹೇಳಿದರು. "ದ್ವೀಪದಲ್ಲಿ ಕುಡಿಯುವ ನೀರು ಇಲ್ಲ, ಕೊಡ ತುಂಬಿಸಿಕೊ. ಮುಳುಗುವವನಿಗೆ ಮೊದಲೇ ಹೊಟ್ಟೆ ತುಂಬ ಗಂಜಿ ಹಾಕಬೇಡ. ಶೀತ ಆಗಿದ್ದರೆ ಮುಳುಗುವುದೇ ಬೇಡ, ಕಿವಿ ಹೋಗ್ತದೆ. ಬಂಡೆಯ ಮೇಲೆ ಬರಿಗಾಲಲ್ಲಿ ಓಡಬೇಡ, ಚಿಪ್ಪು ಕತ್ತಿಯ ಹಾಗೆ ಉಂಟು. ಮಧ್ಯಾಹ್ನ ಗಾಳಿ ಏಳುವ ಮೊದಲು ವಾಪಸು ಹೊರಡಿ." ಆಮೇಲೆ ನನ್ನ ಕೈ ಹಿಡಿದು ಹೇಳಿದರು. "ಅವನು ಮುಳುಗಿದ ಕೂಡಲೇ ನೀನೂ ಉಸಿರು ಕಟ್ಟು. ಸಾಕಪ್ಪ ಅನ್ನಿಸಿದ ಕೂಡಲೇ ಹಗ್ಗ ಒಮ್ಮೆ ಜಗ್ಗು. ಅವನು ಎರಡು ಸಲ ಜಗ್ಗಿದರೆ ಮೇಲೆ ಬರ್ತಾ ಇದ್ದಾನೆ ಅಂತ. ಜಗ್ಗದಿದ್ದರೆ ಎಳೆದುಬಿಡು. ಪಚ್ಚಿಲೆ ಸಿಕ್ಕಿದರೆ ಅವನಿಗೆ ಹೊತ್ತು ಗೊತ್ತಾಗುವುದಿಲ್ಲ ಮಗಾ. ಹೊತ್ತು ನೋಡುವುದು ನಿನ್ನ ಕೆಲಸ."

"ನನಗೆ ಹೆದರಿಕೆ ಆಗ್ತದೆ ಅತ್ತೆ."

"ಆಗಲಿ. ಹೆದರದವಳ ಕೈಗೆ ನಾನು ಹಗ್ಗ ಕೊಡುವುದಿಲ್ಲ."

ದೋಣಿ ನಡೆಸಿದ್ದು ಇವರ ಸೋದರಮಾವ. ದ್ವೀಪದ ಕಪ್ಪು ಬಂಡೆಗಳ ಹತ್ತಿರ ದೋಣಿ ನಿಂತಿತು. ಇವರು ಉಳಿ ಹಿಡಿದು, ಬಲೆಯ ಚೀಲ ಕುತ್ತಿಗೆಗೆ ಹಾಕಿಕೊಂಡು ನೀರಿಗೆ ಜಾರಿದರು. ನಾನು ಉಸಿರು ಕಟ್ಟಿದೆ. ಎಲ್ಲಿಯ ಉಸಿರು! ಎದೆ ಢವಢವ ಹೊಡೆದುಕೊಂಡು ಇದ್ದದ್ದನ್ನೆಲ್ಲ ಕ್ಷಣದಲ್ಲಿ ಮುಗಿಸಿತು. ಜಗ್ಗಿದೆ. ಇವರು ಬರಿ ಚೀಲದೊಂದಿಗೆ ಮೇಲೆ ಬಂದರು.

"ಎಂತ ಮಾರಾಯ್ತಿ! ಉಳಿ ಬಂಡೆಗೆ ತಾಗುವ ಮೊದಲೇ ಕರೆದೆಯಲ್ಲ!"

ಎರಡನೆಯ ಸಲವೂ ಅದೇ ಕತೆ. ಮಾವ ಹೊಟ್ಟೆ ಹಿಡಿದು ನಕ್ಕರು. "ಇದು ಕಾರ್ಕಳದ ಉಸಿರು ಮಾರಾಯ, ಗುಡ್ಡೆ ಹತ್ತಲಿಕ್ಕೆ ಮಾತ್ರ ಆಗುವುದು." ಇವರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಹೆದರಿಕೆಯ ಮೇಲೆ ಅವಮಾನ ಬೇರೆ.

ಮೂರನೆಯ ಸಲ ಇವರು ಮುಳುಗಿದಾಗ ಮುಖ ಆಚೆ ತಿರುಗಿಸಿ, ಸದ್ದಾಗದಂತೆ ಮೂಗಿನಿಂದ ಒಂದು ಉಸಿರು ತೆಗೆದೆ. ಮತ್ತೊಂದು ತೆಗೆದೆ. ಮಾವ ನಗು ನಿಲ್ಲಿಸಿ, "ಹಾಂ, ಈಗ ಪಳಗಿದಳು," ಎಂದರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಇನ್ನೂ ಒಂದು ತೆಗೆದೆ. ಆಮೇಲೆ ಹಗ್ಗದ ಕಡೆ ನೋಡಿದೆ. ಎಷ್ಟು ಹೊತ್ತಾಯಿತು? ಅಳತೆ ನನ್ನ ಬಳಿ ಇರಲೇ ಇಲ್ಲ. ಹಗ್ಗ ಜಗ್ಗಿದೆ. ಕೆಳಗಿನಿಂದ ಉತ್ತರವಿಲ್ಲ. ಎಳೆದೆ. ಹಗ್ಗ ಬಂಡೆಗೆ ಸಿಕ್ಕಿಕೊಂಡು ಒಂದು ಗೇಣೂ ಬರಲಿಲ್ಲ. "ಮಾವಾ!" ಎಂದು ಕಿರುಚಿದೆ. ಮಾವ ಓಡಿ ಬಂದು ಎಳೆದರು. ಅವರ ಕೈಗೂ ಬರಲಿಲ್ಲ. ನನ್ನ ಕೈಯಾರೆ ಕೊಂದೆ, ಕೊಂದೆ ಎಂದು ಒಳಗೇ ಬಡಬಡಿಸಿದೆ. ಊರಿನ ಯಾವ ದೈವವನ್ನೂ ಕರೆಯದೆ ಬಿಡಲಿಲ್ಲ.

ದೋಣಿಯ ಇನ್ನೊಂದು ಬದಿಯಲ್ಲಿ ನೀರು ಒಡೆದು ಇವರ ತಲೆ ಬಂತು. ಸೊಂಟದಲ್ಲಿ ಹಗ್ಗವಿಲ್ಲ. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಮಾವ ರಟ್ಟೆ ಹಿಡಿದು ಮೇಲೆ ಹಾಕಿಕೊಂಡರು. ಕತ್ತಿನ ಚೀಲದ ತುಂಬ ಪಚ್ಚಿಲೆ. ಇವರು ಕೆಮ್ಮಿ, ಏದುಸಿರು ಬಿಟ್ಟು, ಆಮೇಲೆ ನನ್ನ ಕಡೆ ನೋಡಿ ನಕ್ಕರು.

"ನಿನ್ನ ಉಸಿರು ಅಮ್ಮನದಕ್ಕಿಂತ ಉದ್ದ ಉಂಟಲ್ಲ! ಕೆಳಗೆ ನನಗೇ ಎದೆ ಉರಿಯಲಿಕ್ಕೆ ಶುರುವಾಯ್ತು. ನೀನು ಜಗ್ಗಲಿಲ್ಲ, ಹಾಗಾದರೆ ಇನ್ನೂ ಹೊತ್ತುಂಟು ಅಂತ ಕೀಳ್ತಾ ಹೋದೆ. ಮತ್ತೆ ನೋಡಿದರೆ ಹಗ್ಗ ಬಂಡೆಗೆ ಸಿಕ್ಕಿದೆ, ಬಿಚ್ಚಿ ಬಂದೆ."

ಮಾವ ದೋಣಿಯನ್ನು ಬಂಡೆಯ ಸುತ್ತ ತಿರುಗಿಸಿ ಹಗ್ಗ ಬಿಡಿಸಿಕೊಂಡರು. ಇವರು ಮೂಗು ತೊಳೆದು, ಅದೇ ಹಗ್ಗವನ್ನು ಮತ್ತೆ ಸೊಂಟಕ್ಕೆ ಸುತ್ತತೊಡಗಿದರು. "ಆ ಹೊರಗಿನ ಬಂಡೆಯ ಬುಡಕ್ಕೆ ಹೋಗುವ. ಅಲ್ಲಿ ತುಂಬಾ ಆಳ, ಅಮ್ಮನ ಉಸಿರಿಗೆ ಆಗ್ತಿರಲಿಲ್ಲ. ನಿನ್ನದಕ್ಕೆ ಆಗ್ತದೆ."

ಹೇಳಿದರೆ ಮಾವನೆದುರು ಮಾನ ಹೋಗುತ್ತದೆ. ಇವರು ಗಂಟು ಬಿಗಿಯುತ್ತಿದ್ದರು.

"ನಾನು ಉಸಿರು ತೆಗೆದೆ."

"ಎಂತ?"

"ನಡುವೆ ತೆಗೆದೆ. ನೀವೆಲ್ಲ ನಗ್ತೀರಿ ಅಂತ. ಎಷ್ಟು ಸಲ ತೆಗೆದೆನೋ ನನಗೇ ಗೊತ್ತಿಲ್ಲ."

ಗಂಟಿನ ಮೇಲೆ ಇವರ ಕೈ ನಿಂತಿತು. ನೀರಿನಿಂದ ಎದ್ದಾಗ ನಗುತ್ತಿದ್ದವರು ಈಗ ಮೂಗು ಒರೆಸಿ ಬೆರಳಿನ ರಕ್ತ ನೋಡಿದರು. ದೋಣಿಯ ಅಂಚು ಹಿಡಿದು ಕುಳಿತರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಎದ್ದು, ಗಂಟು ಬಿಗಿದು, ಹಗ್ಗದ ತುದಿಯನ್ನು ನನ್ನ ಕೈಗೇ ಕೊಟ್ಟರು.

"ಹೊರಗಿನ ಬಂಡೆ ಬೇಡ. ಇಲ್ಲೇ ಇಳಿಯುತ್ತೇನೆ. ನಿನಗೆ ಎಷ್ಟು ಆಗ್ತದೋ ಅಷ್ಟೇ ಕಟ್ಟು."

ಇಳಿದರು. ಉಸಿರು ಕಟ್ಟಿದೆ. ಹೆದರಿಕೆಗೆ ಅದು ಮೊದಲಿಗಿಂತಲೂ ಬೇಗ ಮುಗಿಯಿತು. ನಾನು ಒಮ್ಮೆ ಜಗ್ಗಿದ್ದೇ ತಡ, ಕೆಳಗಿನಿಂದ ಎರಡು ಸಲ ಉತ್ತರ ಬಂತು. ಒಂದು ಕೈಯನ್ನು ಹಗ್ಗದ ಮೇಲೇ ಇಟ್ಟುಕೊಂಡು ಕಾಯುತ್ತಿದ್ದರೇನೋ. ಚೀಲದಲ್ಲಿ ಮೂರು ಪಚ್ಚಿಲೆ ಇದ್ದವು. ಮಾವ ನಗಲಿಲ್ಲ.