ನಾಲ್ಕು ವರ್ಕರ್‌ಗಳ ಒಂದೇ ಲಾಗ್ ಫೈಲು

ಕಮಲಾಪುರದಿಂದ ಬಾಳೆ ಬೆಳೆಯುವ ಅವ್ವನೊಬ್ಬಳು ಮೂರನೆಯ ವಾರವೂ ಫೋನ್ ಮಾಡಿದಳು. "ಏ ತಮ್ಮಾ, ಗಾಡಿ ಬಂದು ಹೋತು. ನನ್ನ ಪಾಳಿ ಯಾವಾಗಂತ ನಿಮ್ಮ ಮೆಸೇಜ್ ಬರಲೇ ಇಲ್ಲ. ಬಾಳಿಗೊನಿ ಗಿಡದಾಗ ಹಣ್ಣಾಗಾಕತ್ತಾವ. ಮುಂದಿನ ಸಲಾನೂ ತಪ್ಪಿತಂದ್ರ ನಿಮ್ಮ ಉಸಾಬರಿನೇ ಬ್ಯಾಡ, ಸಂತಿಗೆ ಹಾಕ್ತೀನಿ."

ಕೆಂಪು ಬಾಳೆ ಬೆಳೆಯುವವರಿಗೆ ಗೊನೆ ಒಯ್ಯುವ ಗಾಡಿಯ ಪಾಳಿ ತಿಳಿಸುವ ಮೆಸೇಜ್ ಹೋಗುವುದು ಕಲಬುರಗಿಯ ನೆಹರು ಗಂಜ್‌ನಲ್ಲಿ, ಬೇಳೆ ಅಂಗಡಿಯೊಂದರ ಮೇಲಿರುವ ನಮ್ಮ ಆಫೀಸಿನಿಂದ. ಸರ್ವರಿನೊಳಗೆ ನಾಲ್ಕು ವರ್ಕರ್‌ಗಳು. ಎಂದರೆ ಒಂದೇ ಪ್ರೋಗ್ರಾಮಿನ ನಾಲ್ಕು ಪ್ರತಿಗಳು. ಪಟ್ಟಿ ಹಂಚಿಕೊಂಡು ಒಟ್ಟಿಗೇ ಓಡುತ್ತವೆ, ಮಾಡಿದ್ದನ್ನೆಲ್ಲ ಒಂದೇ ಲಾಗ್ ಫೈಲಿನಲ್ಲಿ ಬರೆಯುತ್ತವೆ. ತಪ್ಪು ಹುಡುಕಲು ಇರುವುದು ಅದೊಂದೇ ದಾರಿ.

ಆ ದಾರಿಗೆ ಮುಳ್ಳು ಹಚ್ಚಿದವನು ನಾನೇ. ಯಾರ ದನಿ ಸಿಕ್ಕರೂ ಅಣಗಿಸದೆ ಬಿಡುವವನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಲಾಗ್ ನಮ್ಮ ಸರ್ ಮಾತಾಡಿದಂತೆಯೇ ಇರಲಿ ಎಂದು ವರ್ಕರ್ ನಂಬರು, ರೈತರ ಹೆಸರು ಎಲ್ಲ ಕಿತ್ತುಹಾಕಿದ್ದೆ. ಒಬ್ಬರ ಮೆಸೇಜಿನ ಕೆಲಸ ಹಿಡಿದರೆ "ಹಿಡದೀನ್ರೀ", ಮುಗಿಸಿದರೆ "ಕಳಿಸೀನ್ರೀ". ಆಫೀಸೆಲ್ಲ ನಕ್ಕಿತ್ತು. ಈಗ ಪರದೆಯ ತುಂಬ ಹಿಡದೀನ್ರೀ ಹಿಡದೀನ್ರೀ ಕಳಿಸೀನ್ರೀ ಹಿಡದೀನ್ರೀ. ಕೆಳಗಿನ ಅಂಗಡಿಯಲ್ಲಿ ಹತ್ತು ಜನ ಒಮ್ಮೆಲೇ ಕೂಗಿದರೂ ಯಾವ ದನಿ ಯಾರದೆಂದು ಹೇಳಬಲ್ಲೆ. ಇಲ್ಲಿ ನಾಲ್ವರಿಗೂ ಸರ್ ದನಿಯೇ. ಎರಡು ದಿನ ಕಣ್ಣು ಉರಿಯುವವರೆಗೆ ಓದಿದೆ, ತಲೆ ಚಚ್ಚಿಕೊಂಡೆ. ಏನೂ ಹತ್ತಲಿಲ್ಲ.

ಸರ್ ಬೆನ್ನ ಹಿಂದೆ ಬಂದು ನಿಂತರು. "ಯಾರ್ ಹಿಡದಾರ, ಯಾರ್ ಕಳಿಸ್ಯಾರ?"

"ಎಲ್ಲಾರೂ ನೀವೇ ಅದೀರಿ ಸರ."

"ಭಾರಿ ಶಾಣ್ಯಾ! ನನ್ನ ಅಣಗಿಸಿದ್ದು ಸಾಕು. ನಾಲ್ಕೂ ಮಂದಿಗೆ ಬ್ಯಾರೆ ಬ್ಯಾರೆ ಫೈಲ್ ಮಾಡು. ರೈತರ ಹೆಸರೂ ಬರಸು."

ಮುಖ ಸಣ್ಣಗೆ ಮಾಡಿಕೊಂಡು ಮಾಡಿದೆ. ಮುಂದಿನ ಗಾಡಿಯ ಪಟ್ಟಿ ಓಡಿತು. ಒಂದು, ಎರಡು, ನಾಲ್ಕನೆಯ ಫೈಲುಗಳಲ್ಲಿ ಹಿಡಿದದ್ದಕ್ಕೆಲ್ಲ ಕಳಿಸಿದ ಸಾಲಿತ್ತು. ಮೂರನೆಯದರ ಕೊನೆಯಲ್ಲಿ ಅವ್ವನ ಹೆಸರು, "ಹಿಡದೀನ್ರೀ", ಮುಂದೆ ಖಾಲಿ. ಆ ವರ್ಕರ್‌ನ ಪಾಲಿನ ಪಟ್ಟಿಯಲ್ಲಿ ಅವಳೇ ಕಡೆಯವಳು. ಅದಕ್ಕೇ ಬೇರೆ ಯಾರೂ ದೂರಿರಲಿಲ್ಲ. ಅವಳ ವಿವರ ತೆಗೆದರೆ, ಒಂದೇ ಖಾನೆಯಲ್ಲಿ ಎರಡು ಫೋನ್ ನಂಬರು, ನಡುವೆ ಗೀಟು. ಅದನ್ನು ಓದಲಾಗದೆ ವರ್ಕರ್ ಅಲ್ಲೇ ನಿಂತುಬಿಟ್ಟಿತ್ತು. ಹಾಗೆ ತುಂಬಿದವನಾರು? ಮತ್ತೆ ನಾನೇ.

ಫೋನ್ ಮಾಡಿದೆ. "ಯವ್ವಾ, ಎರಡು ನಂಬರ್ ಯಾಕ ಕೊಟ್ಟಿದ್ದಿ?"

"ಒಂದು ನಂದು, ಒಂದು ಬಾಜೂಮನಿಯಾಕಿದು. ನಂದು ಹತ್ತಲಿಲ್ಲಂದ್ರ ಆಕಿದಾದ್ರೂ ಹತ್ತಲಿ, ಪಾಳಿ ತಪ್ಪಬಾರದು ಅಂತ."

ಅವಳು ಫೋನಿನಲ್ಲಿರುವಾಗಲೇ ಒಂದು ನಂಬರು ಅಳಿಸಿ ಮತ್ತೆ ಕಳಿಸಿದೆ. ಆ ಕಡೆ ಟಿಣ್ ಎಂದಿತು.

"ಬಂತು ನೋಡಪಾ. ನಾಳಿ ಮುಂಜಾನಿ ಅಂತ. ಈಗ ಗಿಡದಾಗ ಉಳದಾವ ಎರಡು ಗೊನಿ. ಬಾಕಿದ್ದೆಲ್ಲಾ ಗಿಣಿ ತಿಂದು ಹೋಗ್ಯಾವ, ಅವು ಪಾಳಿ ಕೇಳಂಗಿಲ್ಲ."

ಈ ಸಲ ಅಣಗಿಸದೆ, ನನ್ನ ದನಿಯಲ್ಲೇ, "ತಪ್ಪಾತು ಯವ್ವಾ," ಎಂದೆ.

"ಆತು ಬಿಡು. ಇನ್ನ ಫೋನ್ ಇಡು, ಇರೋ ಎರಡು ಗೊನಿನಾದ್ರೂ ಕಡೀಬೇಕು."