ಟೈ ಬಿಚ್ಚಿ ಆಡಿದ ಮಾತು

ನ್ಯಾಮತಿಯ ರುದ್ರಾಣಿ ಮೇಡಂ ನಕ್ಕಿದ್ದನ್ನು ಕಂಡವರು ಕಡಿಮೆ. ಕಿವುಡ ಮಕ್ಕಳಿಗೆ ಮಾತು ಕಲಿಸುವ ತರಬೇತಿಗೆ ಆಕೆ ಮೈಸೂರಿಗೆ ಹೊರಟಾಗ ಓಣಿಯವರು, ‘ಅಷ್ಟು ದೂರ ಯಾಕೆ ಹೋಗ್ಬೇಕು, ಈಕೆ ಬಾಯಿಗೆ ಹೆದರಿ ಕಲ್ಲೂ ಮಾತಾಡ್ತೈತೆ’ ಎಂದು ಆಡಿಕೊಂಡಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೇಲೆ ಥಳುಕು ಒಳಗೆ ಹುಳುಕು ಎನ್ನುವಂಥ ಮಂದಿಯನ್ನು ಕಂಡರೆ ಆಕೆಗೆ ಮೈ ಉರಿಯುತ್ತಿತ್ತು.

ಎಂಬತ್ತೆರಡನೇ ಇಸವಿಯಲ್ಲಿ ಸರ್ಕಾರ ಆಕೆಗೆ ಹೊನ್ನಾಳಿಯ ಕೆಲಸದ ಜೊತೆಗೆ ಚನ್ನಗಿರಿಯನ್ನೂ ಗಂಟುಹಾಕಿತು. ಮಂಗಳವಾರ, ಶುಕ್ರವಾರ ಬೆಳಗಿನ ಬಸ್ಸು. ಸರ್ಕಾರಿ ಶಾಲೆಯ ಹಿಂದಿನ ಕೋಣೆಯಲ್ಲಿ ಒಂದು ಕನ್ನಡಿ, ಎರಡು ಕುರ್ಚಿ. ಖಾಸಗಿ ಶಾಲೆಯ ಕಿವುಡ ಮಕ್ಕಳಿಗೂ ಪಾಠವುಂಟು, ಆದರೆ ಅವರು ಈ ಕೋಣೆಗೇ ಬರಬೇಕು ಎಂಬುದು ನಿಯಮ.

ರಸ್ತೆಯಾಚೆ ಇದ್ದದ್ದು ಮಲ್ಲಿಕಾರ್ಜುನಪ್ಪನ ಕಾನ್ವೆಂಟು. ಅಡಿಕೆ ಮಂಡಿಯಲ್ಲಿ ಕೈತುಂಬ ಗಳಿಸಿದ ಮೇಲೆ ಆತನಿಗೆ ‘ಅಧ್ಯಕ್ಷರೇ’ ಎಂದು ಕರೆಸಿಕೊಳ್ಳುವ ಚಪಲ ಹತ್ತಿತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈತ ಬಿರುಬಿಸಿಲಲ್ಲಿ ಮಕ್ಕಳ ಕೊರಳಿಗೆ ಟೈ ಬಿಗಿಸಿದ. ಅಲ್ಲಿನ ವಿದ್ಯೆಯೆಲ್ಲ ಕೊರಳಿಂದ ಕೆಳಗೇ ಇತ್ತು, ಟೈ ಮತ್ತು ಬೂಟು.

ಆ ಶಾಲೆಯ ಎರಡನೇ ಕ್ಲಾಸಿನ ಕೊನೇ ಬೆಂಚಿನಲ್ಲಿ ಶಿವಲೀಲಾ ಎಂಬ ಹುಡುಗಿ ಕೂತಿರುತ್ತಿದ್ದಳು. ಹುಟ್ಟಿನಿಂದ ಕಿವಿ ಕೇಳದು. ದಿನವಿಡೀ ಬೋರ್ಡು ನೋಡಿ ಬರೆಯುತ್ತಿದ್ದಳು. ಅಕ್ಷರ ಮುತ್ತಿನಂತಿದ್ದವು, ಒಂದರ ಅರ್ಥವೂ ಅವಳಿಗೆ ಗೊತ್ತಿರಲಿಲ್ಲ. ‘ಬುದ್ಧಿವಂತೆ’ ಎಂದು ಮಾರ್ಕ್ಸು ಹಾಕಿ ಕೈತೊಳೆದುಕೊಂಡಿದ್ದರು. ಅವಳ ತಾಯಿ ಕಸ್ತೂರಮ್ಮ ಒಂದು ದಿನ ರುದ್ರಾಣಿಯ ಕೋಣೆಯ ಬಾಗಿಲಲ್ಲಿ ನಿಂತು, “ತನ್ನ ಹೆಸ್ರು ತಾನು ಹೇಳಂಗಾದ್ರೆ ಸಾಕ್ರೀ ಮೇಡಂ” ಎಂದು ಕಣ್ಣೊರೆಸಿಕೊಂಡಳು.

ರುದ್ರಾಣಿ ಅಧ್ಯಕ್ಷರನ್ನು ಕಂಡಳು.

“ಕಳಿಸಾಕೆ ನಮ್ದೇನು ಅಡ್ಡಿ ಇಲ್ಲ,” ಎಂದ ಮಲ್ಲಿಕಾರ್ಜುನಪ್ಪ. “ಆದ್ರೆ ಟೈ, ಬೂಟು ಗೇಟಲ್ಲೇ ಬಿಚ್ಚಿಟ್ಟು ಹೋಗ್ಲಿ. ಕಾನ್ವೆಂಟ್ ಹುಡುಗಿ ಗೌರ್ಮೆಂಟ್ ಸ್ಕೂಲಿಗೆ ಹೋಗ್ತಾಳೆ ಅಂದ್ರೆ ನಮ್ ಮರ್ಯಾದೆ ಏನಾಗ್ಬೇಕು?”

“ಕಾಲು ಸುಟ್ರೆ ಅಡ್ಡಿ ಇಲ್ಲ, ಮರ್ಯಾದೆ ಸುಡಬಾರ್ದು ಅನ್ರಿ.”

“ಹಂಗೇ ತಿಳ್ಕಳ್ರಿ” ಎಂದು ಆತ ನಕ್ಕ. ಪಾಠ ತಪ್ಪಬಾರದೆಂದು ರುದ್ರಾಣಿ ನಾಲಿಗೆ ಬಿಗಿಹಿಡಿದಳು.

ಅಂದಿನಿಂದ ವಾರಕ್ಕೆರಡು ಸಲ ಆಯಾ ಕೆಂಪಕ್ಕ ಗೇಟಿನ ಬಳಿ ಹುಡುಗಿಯನ್ನು ಕೂರಿಸಿ ಬೂಟು, ಟೈ ಬಿಚ್ಚಿಸುತ್ತಿದ್ದಳು. ಶಿವಲೀಲಾ ಟೈ ಮಡಚಿ ಬೂಟಿನೊಳಗಿಟ್ಟು ಕೆಂಪಕ್ಕನ ಕೈಗೆ ಕೊಟ್ಟು, ಬರಿಗಾಲಲ್ಲಿ ರಸ್ತೆ ದಾಟುತ್ತಿದ್ದಳು. ಕನ್ನಡಿಯ ಮುಂದೆ ಕೂತು ರುದ್ರಾಣಿಯ ಗಂಟಲ ಮೇಲೆ ಕೈಯಿಟ್ಟು ಕಂಪನ ತಿಳಿದು, ತನ್ನ ಗಂಟಲಲ್ಲಿ ಅದನ್ನೇ ಹುಡುಕುತ್ತಿದ್ದಳು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಒಡಕು ದನಿಯಲ್ಲಿ ಹೆಸರು ಹೊರಬಂತು.

ಸುದ್ದಿ ತಿಳಿದದ್ದೇ ಮಲ್ಲಿಕಾರ್ಜುನಪ್ಪನಿಗೆ ಬಾಯಲ್ಲಿ ನೀರೂರಿತು. “ಸ್ಕೂಲ್ ಡೇಗೆ ಶಿವಮೊಗ್ಗದಿಂದ ಶಿಕ್ಷಣ ಇಲಾಖೆ ಸಾಹೇಬ್ರು ಬರ್ತಾರೆ. ಸ್ಟೇಜ್ ಮೇಲೆ ಮಾತಾಡಿಸ್ರಿ. ನಮ್ಮ ಸಂಸ್ಥೆ ಸಾಧನೆ ಅಂತ ಹೇಳಾನ. ಆಡ್ಲಿಲ್ಲ ಅಂದ್ರೆ ಈ ಹೋಗೋದು ಬರೋದು ಬಂದ್.” ಎರಡು ವರ್ಷದಲ್ಲಿ ಆ ಕೋಣೆಗೆ ಒಮ್ಮೆಯೂ ಇಣುಕದವನ ಸಾಧನೆ! ಆದರೆ ಪಾಠ ನಿಲ್ಲುವುದು ಆತನಿಗಲ್ಲ, ಮಗುವಿಗೆ. ರುದ್ರಾಣಿ ಒಪ್ಪಿಕೊಂಡಳು.

ಆ ದಿನ ಶಿವಲೀಲಾಗೆ ಹೊಸ ಟೈ, ಹೊಳೆಯುವ ಬೂಟು. ಅಧ್ಯಕ್ಷರು ಮೈಕಿನಲ್ಲಿ ಸಂಸ್ಥೆಯನ್ನು ಹೊಗಳಿ ಮುಗಿಸಿ ಹುಡುಗಿಯ ಪಕ್ಕ ನಿಂತರು. ರುದ್ರಾಣಿ ವೇದಿಕೆಯ ಕೆಳಗಿನಿಂದ ತನ್ನ ಗಂಟಲು ಮುಟ್ಟಿ ಸನ್ನೆ ಮಾಡಿದಳು, ಮಾತಾಡು ಎಂದು.

ಹುಡುಗಿ ನೆಲದ ಮೇಲೆ ಕೂತಳು. ಒಂದು ಬೂಟು ಬಿಚ್ಚಿದಳು, ಇನ್ನೊಂದನ್ನೂ ಬಿಚ್ಚಿದಳು. ಟೈ ತೆಗೆದು ಮಡಚಿ ಬೂಟಿನೊಳಗಿಟ್ಟು, ಪಕ್ಕದಲ್ಲಿದ್ದ ಅಧ್ಯಕ್ಷರ ಕೈಗೆ ಕೊಟ್ಟಳು. ಆಮೇಲೆ ಎದ್ದು ನಿಂತು, “ನನ್ನ ಹೆಸರು ಶಿವಲೀಲಾ” ಎಂದಳು.

ಕಸ್ತೂರಮ್ಮ ಸೆರಗು ಬಾಯಿಗೊತ್ತಿ ಅತ್ತಳು. ಸಾಹೇಬರು, “ಬೂಟ್ ಯಾಕೆ ಬಿಚ್ಚಿದ್ಲು?” ಎಂದರು. ಎದೆಗೆ ಬೂಟು ಅವುಚಿಕೊಂಡಿದ್ದ ಮಲ್ಲಿಕಾರ್ಜುನಪ್ಪ ಕೆಳಗೆ ಬಗ್ಗಿ, “ಮೇಡಂ, ಬೇಗ ಹಾಕ್ಸ್ರಿ” ಎಂದು ಪಿಸುಗುಟ್ಟಿದ.

ರುದ್ರಾಣಿ ಇಡೀ ಸಭೆಗೆ ಕೇಳುವಂತೆ ಅಂದಳು: “ಬಿಚ್ಚಿಸಿದೋರು ನೀವು, ನೀವೇ ಹಾಕ್ರಿ. ಯಾಕೆ ಬಿಚ್ಚಿಸಿದ್ರಿ ಅಂತ ಸಾಹೇಬ್ರಿಗೂ ಹೇಳ್ರಿ.” ಆತ ಸಾಹೇಬರ ಕಣ್ಣೆದುರು ಮಂಡಿಯೂರಿ ಬೂಟು ತೊಡಿಸಿದ.

ಮುಂದಿನ ಮಂಗಳವಾರ ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಶಿವಲೀಲಾ ಟೈ, ಬೂಟು ಹಾಕಿಕೊಂಡೇ ರಸ್ತೆ ದಾಟಿ ಕನ್ನಡಿಯ ಮುಂದೆ ಬಂದು ಕೂತಳು. ಕೂತವಳೇ ಬೂಟು ಬಿಚ್ಚಿದಳು, ಟೈ ಮಡಚಿ ಅದರೊಳಗಿಟ್ಟಳು, ಆಮೇಲೆ ಬಾಯಿ ತೆರೆದಳು. ಬೇಡ ಮಗಳೇ, ಇನ್ನು ಬಿಚ್ಚಬೇಕಾಗಿಲ್ಲ ಎಂದು ರುದ್ರಾಣಿ ಎಷ್ಟು ಸನ್ನೆ ಮಾಡಿದರೂ ಹುಡುಗಿಗೆ ತಿಳಿಯಲಿಲ್ಲ. ಆ ಕಾನ್ವೆಂಟು ಅವಳಿಗೆ ಕಲಿಸಿದ್ದು ಅದೊಂದೇ ಪಾಠ, ಅದನ್ನು ಮಾತ್ರ ಮರೆಯದಂತೆ ಕಲಿಸಿತ್ತು.